ಎಲ್ಲ ಫೈಲಿಗೂ ಮಾರ್ಚ್ ಎಂಟು

ನನಗೆ ಕಾಯಲು ಬರುವುದಿಲ್ಲ. ಕಾಫಿ ಪೂರ್ತಿ ಇಳಿಯುವ ಮುಂಚೆಯೇ ಜಾಡಿ ಎಳೆದು ಲೋಟಕ್ಕೆ ಬಗ್ಗಿಸಿ ಮೇಜಿನ ಮೇಲೆಲ್ಲ ಚೆಲ್ಲುವವಳು ನಾನೇ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಥಂಡರ್ ಬೇ ಊರಿನ ಹ್ಯಾಲೊರನ್ ಸರ್ವೆ ಕಚೇರಿಗೆ ಸೇರಿ ಇಪ್ಪತ್ತಾರು ವರ್ಷವಾಯಿತು. ಹೊರಗೆ ಹೋದವರು ಜಮೀನು ಅಳೆದು ತರುತ್ತಾರೆ, ಅರ್ವೋ ಲಾಹ್ತಿ ನಕ್ಷೆ ಬರೆಯುತ್ತಾನೆ, ಯಜಮಾನ ಡೆನಿಸ್ ಸಹಿ ಹಾಕುತ್ತಾನೆ. ಮಿಕ್ಕಿದ್ದೆಲ್ಲ ರೈಲಿ ಕಂಗಾಸ್ ಎಂಬ ನನ್ನ ತಲೆಗೆ.

ಕಚೇರಿಯ ಫೈಲುಗಳೆಲ್ಲ ಪ್ರಿಂಟರ್ ಮೇಜಿನ ಕೆಳಗಿನ ಒಂದು ಕಪ್ಪು ಪೆಟ್ಟಿಗೆಯಲ್ಲಿದ್ದವು. ಹೆಸರಿಗೆ ಸರ್ವರ್. ಚಳಿಗಾಲದಲ್ಲಿ ಅರ್ವೋ ತನ್ನ ಒದ್ದೆ ಕೈಗವಸು ಒಣಗಿಸುತ್ತಿದ್ದದ್ದು ಅದರ ಮೇಲೆ. ನಮ್ಮಲ್ಲಿ ಯಾರೂ ಯಾವ ಫೈಲನ್ನೂ ಅಳಿಸುವುದಿಲ್ಲ. ನಕ್ಷೆ ಬರೆದವನು ‘ಫೈನಲ್’ ಎಂದು ಹೆಸರಿಡುತ್ತಾನೆ, ಒಂದು ಗೆರೆ ತಿದ್ದಿದರೆ ‘ಫೈನಲ್ ಎರಡು’ ಎನ್ನುತ್ತಾನೆ, ಮತ್ತೊಬ್ಬ ಬಂದು ‘ಇದೇ ಸರಿ’ ಎಂದು ಇನ್ನೊಂದು ಇಡುತ್ತಾನೆ. ಇಷ್ಟರಲ್ಲಿ ನಿಜವಾಗಿ ಸರಿಯಾದದ್ದು ಯಾವುದು ಎಂದು ತಿಳಿಯಲು ಇದ್ದ ದಾರಿ ಒಂದೇ, ತಾರೀಖು ನೋಡುವುದು. ಕೊನೆಯ ತಾರೀಖು ಯಾವುದಕ್ಕಿದೆಯೋ ಅದೇ ನಕ್ಷೆ. ಇಷ್ಟು ವರ್ಷ ಹೀಗೇ ನಡೆದಿತ್ತು.

ಫೆಬ್ರವರಿಯಲ್ಲಿ ಪೆಟ್ಟಿಗೆ ಗರಗರ ಎನ್ನಲು ಶುರು ಮಾಡಿತು. ಅದೇ ಹೊತ್ತಿಗೆ ಡೆನಿಸ್ ಟೊರಾಂಟೊದಲ್ಲಿ ಸರ್ವೆಯವರ ಸಭೆಗೆ ಹೋಗಿ ಬಂದು, ಎಲ್ಲವನ್ನೂ ಆನ್‌ಲೈನ್ ಜಾಗವೊಂದಕ್ಕೆ ಸಾಗಿಸೋಣ, ಅಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಕಾಗದದ ಮೇಲೆ ಕೆಲಸ ಮಾಡಬಹುದು ಎಂದ. ಸಾಗಿಸುವ ಬಗೆ ಹೇಳಲು ಕಂಪ್ಯೂಟರ್ ಅಂಗಡಿಯ ಶಾಂತಾಲ್ ಬಂದಳು.

"ಮೇಡಂ, ಇದಕ್ಕೇಂತಲೇ ಒಂದು ಸಾಫ್ಟ್‌ವೇರ್ ಇದೆ. ಯಾರು ಬರೆದ್ರು, ಯಾವತ್ತು ಬರೆದ್ರು, ಎಲ್ಲ ಹಾಗ್ಹಾಗೇ ಹೋಗುತ್ತೆ. ನಂಗೆ ಮೂರು ವಾರ ಕೊಡಿ."

"ಮೂರು ವಾರಾನಾ? ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಹಾಕೋಕೆ?"

"ಎಳೆದು ಹಾಕೋದಲ್ಲ ಮೇಡಂ. ಹಂಗೆ ಹಾಕಿದ್ರೆ ಎಲ್ಲದಕ್ಕೂ ಎಳೆದವರ ಹೆಸರು, ಎಳೆದ ದಿನದ ತಾರೀಖು ಬಂದು ಕೂತ್ಕೊಳ್ಳುತ್ತೆ."

ನಾನು ಮೂರು ವಾರ ಎಂಬಲ್ಲಿಗೇ ಕಿವಿ ಮುಚ್ಚಿಯಾಗಿತ್ತು. ಆಮೇಲೆ ಅವಳು ಹೇಳಿದ್ದು ನನ್ನ ತಲೆಯೊಳಗೆ ಇಳಿದದ್ದು ತಡವಾಗಿ. ಮಾರ್ಚ್ ಎಂಟು, ಶನಿವಾರ, ಬೆಳಿಗ್ಗೆ ಎಂಟಕ್ಕೇ ಒಬ್ಬಳೇ ಬಂದು ಕೂತೆ. ನನ್ನ ಹೆಸರಿನಲ್ಲೇ ಒಳಹೊಕ್ಕು ಮೂವತ್ತೆಂಟು ಸಾವಿರ ಫೈಲುಗಳನ್ನು ಫೋಲ್ಡರಿನಿಂದ ಫೋಲ್ಡರಿಗೆ ಎಳೆದು ಹಾಕಿದೆ. ಸಂಜೆಯ ಹೊತ್ತಿಗೆ ಮುಗಿಯಿತು. ಪೆಟ್ಟಿಗೆಯ ತಂತಿ ಕಿತ್ತು, ಕಸದ ಡಿಪೋಗೆ ಕೊಟ್ಟು ಬರುತ್ತೇನೆಂದು ಕಾರಿನ ಡಿಕ್ಕಿಗೆ ಹಾಕಿಕೊಂಡೆ. ಗೆದ್ದೆ ಎಂದುಕೊಂಡೆ.

ಸೋಮವಾರ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಚೇರಿಯ ಎಲ್ಲ ಫೈಲಿಗೂ ಒಂದೇ ತಾರೀಖು, ಮಾರ್ಚ್ ಎಂಟು. ಬರೆದವರು, ರೈಲಿ ಕಂಗಾಸ್.

"ನೋಡೋ ಡೆನಿಸ್," ಅರ್ವೋ ಕೂಗಿದ, "ನಿಮ್ಮಪ್ಪ ತೊಂಬತ್ತೇಳರಲ್ಲಿ ಅಳೆದ ಗಣಿ ನಕ್ಷೆನೂ ಇವಳೇ ಬರೆದಿದ್ದಂತೆ. ಕೆಲಸಕ್ಕೆ ಸೇರೋ ಎರಡು ವರ್ಷ ಮುಂಚೆನೇ!"

"ಹೂಂ, ನೀನು ಇಷ್ಟು ವರ್ಷ ಸಂಬಳ ಸುಮ್ನೆ ತಗೊಂಡೆ. ಎಲ್ಲ ನಾನೇ ಬರ್ದೆ," ಎಂದೆ.

ಡೆನಿಸ್ ಮಾತ್ರ ಸ್ವಲ್ಪ ತಲೆ ಕೆರೆದುಕೊಂಡು, "ತಾರೀಖು ಬೇಕಾದ್ರೆ ಹಳೇ ಪೆಟ್ಟಿಗೇಲಿ ಇರುತ್ತಲ್ವಾ?" ಎಂದು ಕೇಳಿದ.

"ಅದು ಡಿಪೋಗೆ ಹೋಯ್ತು."

ಹೋಗಿರಲಿಲ್ಲ. ಆ ವಾರ ಹೋಗೇ ಹೋಗುತ್ತದೆ ಎಂಬ ಧೈರ್ಯದಲ್ಲಿ ಹಾಗೆಂದೆ. ಡಿಪೋ ತೆರೆದಿರುವುದು ಮಂಗಳವಾರ, ಗುರುವಾರ. ನಾನು ಆ ಎರಡೂ ದಿನ ಮರೆತೆ. ಪ್ರತಿ ತಿರುವಿನಲ್ಲೂ ಪೆಟ್ಟಿಗೆ ಡಿಕ್ಕಿಯಲ್ಲಿ ಆ ಕಡೆಯಿಂದ ಈ ಕಡೆಗೆ ಜಾರಿ ಢಬ್ ಎನ್ನುತ್ತಿತ್ತು.

ಹೊಸ ಜಾಗ ಎಲ್ಲರಿಗೂ ಬೇಗ ಒಗ್ಗಿತು. ಅದರಲ್ಲಿ ಒಂದು ವಿಚಿತ್ರವಿತ್ತು: ಯಾರು ಯಾವ ಫೈಲು ತೆರೆದು ಕೂತಿದ್ದಾರೆ ಎಂಬುದು ಎಲ್ಲರ ತೆರೆಯ ಮೇಲೂ ಕಾಣುತ್ತಿತ್ತು. ಫೈಲಿನ ಹೆಸರಿನ ಪಕ್ಕ ಒಂದು ಪುಟ್ಟ ಬಣ್ಣದ ಚಕ್ರ, ಅದರೊಳಗೆ ಅವರ ಹೆಸರಿನ ಮೊದಲಕ್ಷರ. ಅರ್ವೋನದು ಹಸಿರು. ಮೊದಮೊದಲು ಅವನು ಯಾವುದಾದರೂ ಫೈಲಿನಲ್ಲಿ ಬಹಳ ಹೊತ್ತು ನಿಂತರೆ, ನಾನು ಅಲ್ಲಿಂದಲೇ "ನಿದ್ದೆ ಬಂತಾ?" ಎಂದು ಕೂಗುತ್ತಿದ್ದೆ.

ಮಾರ್ಚ್ ಇಪ್ಪತ್ತನಾಲ್ಕಕ್ಕೆ ವಕೀಲರ ಪತ್ರ ಬಂತು.

ಟಿನ್‌ಕಪ್ ಕೆರೆಯ ದಂಡೆಯಲ್ಲಿ ಬಾಯ್ಚುಕ್ ಎಂಬವರ ಕ್ಯಾಂಪ್ ಇದೆ. ಬೇಸಿಗೆಯ ಮರದ ಮನೆ, ಪಕ್ಕದಲ್ಲಿ ಹಬೆಸ್ನಾನದ ಸೌನಾ, ನಮ್ಮ ಕಡೆ ಎಲ್ಲರಿಗೂ ಇರುವಂಥದ್ದೇ. 2016ರಲ್ಲಿ ಅವರ ಹದ್ದುಬಸ್ತು ಮಾಡಿ ನಕ್ಷೆ ಕೊಟ್ಟವರು ನಾವು. ಮನೆಯ ಮೂಲೆಯಿಂದ ಗಡಿಗೆ 16.43 ಮೀಟರ್ ಎಂದು ಆ ನಕ್ಷೆಯಲ್ಲಿತ್ತು. ಅದನ್ನು ನಂಬಿ ಬಾಯ್ಚುಕ್ ಗಡಿಯಂಚಿಗೆ ದೋಣಿಮನೆ ಕಟ್ಟಿದರು. ಈಗ ಪಕ್ಕದವರು ಮತ್ತೆ ಅಳೆಸಿದರೆ ದೋಣಿಮನೆ ಆ ಪಕ್ಕದವರ ನೆಲದಲ್ಲಿ ನಿಂತಿದೆ; ಅದಕ್ಕೇ ಬಾಯ್ಚುಕ್ ನಮ್ಮ ಮೇಲೆ ವಕೀಲರನ್ನು ಹಿಡಿದಿದ್ದರು. ನಮ್ಮ ಬೀರುವಿನಲ್ಲಿದ್ದ ಅಳತೆ ಪುಸ್ತಕ ತೆಗೆದು ನೋಡಿದೆವು. ಅಲ್ಲಿ ಪೆನ್ಸಿಲಿನಲ್ಲಿ ಸ್ಪಷ್ಟವಾಗಿ 14.63 ಎಂದಿತ್ತು. ಅಂಕಿ ಅದಲುಬದಲಾಗಿತ್ತು.

ಡೆನಿಸ್ ಟಿನ್‌ಕಪ್ ಫೋಲ್ಡರ್ ತೆರೆದ. ಒಳಗೆ ಎರಡು ನಕ್ಷೆ. ‘ಫೈನಲ್’ ಎಂಬುದರಲ್ಲಿ ತಪ್ಪು ಅಂಕಿ. ‘ಅರ್ವೋ ತಿದ್ದಿದ್ದು’ ಎಂಬುದರಲ್ಲಿ ಸರಿಯಾದ ಅಂಕಿ. ಎರಡಕ್ಕೂ ಮಾರ್ಚ್ ಎಂಟು, ಎರಡಕ್ಕೂ ನನ್ನ ಹೆಸರು.

"ತಿದ್ದಿದ್ದೀರಲ್ಲ ಅರ್ವೋ, ಯಾವಾಗ ತಿದ್ದಿದ್ದು?" ಡೆನಿಸ್ ಕೇಳಿದ. ಅವನು ಅರ್ವೋನನ್ನು ತಾನು ಸಣ್ಣವನಿದ್ದಾಗಿನಿಂದ ಬಲ್ಲ, ಗೌರವ ಕೊಟ್ಟೇ ಮಾತಾಡುತ್ತಾನೆ.

"ನೆನಪಿಲ್ಲ ಕಣೋ."

"ನಕ್ಷೆ ಕಳಿಸೋಕೆ ಮುಂಚೆನಾ, ಆಮೇಲಾ? ಆಮೇಲೆ ಗೊತ್ತಾಗಿ ತಿದ್ದಿ ಸುಮ್ನೆ ಇಟ್ಟಿದ್ರೆ ಹೇಳ್ಬಿಡಿ, ಪರವಾಗಿಲ್ಲ. ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಉತ್ತರ ಕೊಡ್ಬೇಕು."

"ತಿದ್ದಿದ್ದೇ ನೆನಪಿಲ್ಲ ಅಂತಿದೀನಿ," ಎಂದ ಅರ್ವೋ. ಅವನ ಮುಖ ಬಿಳುಚಿಕೊಂಡಿತ್ತು. "ನಾನೇ ತಪ್ಪು ಬರೆದಿರ್ತೀನಿ. ಹಂಗೇ ಬರ್ದುಬಿಡು."

ಅರ್ವೋಗೆ ಅರವತ್ತಾರು. ಜೂನಿನಲ್ಲಿ ನಿವೃತ್ತಿ. ಕ್ರಿಸ್‌ಮಸ್ ಊಟದಲ್ಲಿ ಅವನು ಮೂವತ್ತು ವರ್ಷದಿಂದ ನೆರೆಯಲ್ಲಿರುವವನ ಹೆಸರು ಮರೆತು ತಡವರಿಸಿದ್ದ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ಸಿರ್ಕಾ ಮಾತ್ರ ಅಂದಿನಿಂದ ಅವನನ್ನು ಒಂಥರಾ ನೋಡುತ್ತಾಳೆ ಎಂದು ಅವನೇ ನನಗೆ ಹೇಳಿದ್ದ. ಅವನ ಅಣ್ಣ ಅರವತ್ತೆಂಟಕ್ಕೇ ಸ್ವಂತ ಮಕ್ಕಳ ಗುರುತು ಮರೆತು ಹೋದವನು.

ನಾನು ನನ್ನ ಮೇಜಿಗೆ ಬಂದು ಕೂತೆ. ಕೂರಲಾಗದೆ ಎದ್ದೆ. ಯಾಕೆಂದರೆ ಅವನಿಗೆ ನೆನಪಿಲ್ಲದ್ದು ನನಗೆ ಅರೆಬರೆ ನೆನಪಿತ್ತು. ಜೂನ್ ತಿಂಗಳು, ಶುಕ್ರವಾರ, ಕ್ಯಾಂಪಿಗೆ ಹೊರಡುವ ಗಡಿಬಿಡಿ. ಕಾರಿನಲ್ಲಿ ತಿಂಡಿ ತೀರ್ಥ ತುಂಬಿಟ್ಟು, ಬಾಕಿ ಇದ್ದ ನಕ್ಷೆಗಳನ್ನು ಕಳಿಸಿ ಹೋಗಲು ಕಚೇರಿಗೆ ಓಡಿ ಬಂದಿದ್ದೆ. ಆ ವಾರ ಅರ್ವೋ ಫೋನ್ ಮಾಡಿ, ಯಾವುದೋ ನಕ್ಷೆ ತಿದ್ದಿದ್ದೇನೆ, ಹೊಸದನ್ನು ಕಳಿಸು ಎಂದಿದ್ದ. ಅದು ಟಿನ್‌ಕಪ್ ನಕ್ಷೆಯೇ? ನಾನು ತಾರೀಖು ನೋಡಿದೆನೇ, ಇಲ್ಲ ‘ಫೈನಲ್’ ಎಂದು ಕಂಡದ್ದೇ ಕಳಿಸಿ ಓಡಿದೆನೇ? ನನ್ನನ್ನು ನಾನು ಬಲ್ಲೆ.

ಕಾರಿನ ಡಿಕ್ಕಿಯಲ್ಲಿರುವ ಪೆಟ್ಟಿಗೆ ತೆರೆದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತೆರೆಯಲಿಲ್ಲ. ಡಿಪೋಗೆ ಕೊಟ್ಟೆ ಎಂದು ಸುಳ್ಳು ಹೇಳಿದ್ದು, ಶಾಂತಾಲ್ ಬೇಡವೆಂದದ್ದನ್ನೇ ಮಾಡಿದ್ದು, ಅದರ ಮೇಲೆ ಇದೂ ನಾನೇ ಎಂದಾದರೆ ಐವತ್ತೇಳನೆಯ ವಯಸ್ಸಿನಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ? ಹೆದರಿದೆ. ಅದಕ್ಕಿಂತ ಚಂದದ ಕಾರಣವೇನೂ ಇರಲಿಲ್ಲ.

ಮರುದಿನ ಏಳೂವರೆಗೇ ಹಸಿರು ಚಕ್ರ ಓಡಾಡತೊಡಗಿತು. ನಾನು ಕಚೇರಿಗೆ ಬರುವಷ್ಟರಲ್ಲಿ ಅದು 2016ರ ಫೋಲ್ಡರಿನಲ್ಲಿತ್ತು. ಒಂದು ನಕ್ಷೆಯಲ್ಲಿ ಆರು ನಿಮಿಷ ನಿಂತು ಪಕ್ಕದ್ದಕ್ಕೆ ಹೋಯಿತು. ಅಲ್ಲಿ ಎಂಟು ನಿಮಿಷ. ಮತ್ತೆ ಪಕ್ಕದ್ದು. ಅರ್ವೋ ಒಂಬತ್ತು ವರ್ಷದಿಂದ ತಾನು ಬರೆದ ನಕ್ಷೆಗಳನ್ನೆಲ್ಲ ಒಂದೊಂದಾಗಿ ತೆರೆದು, ಬೀರುವಿನಿಂದ ಅಳತೆ ಪುಸ್ತಕ ಇಳಿಸಿಕೊಂಡು, ಅಂಕಿಗೆ ಅಂಕಿ ತಾಳೆ ನೋಡುತ್ತಿದ್ದ. ಯಾರೂ ಹೇಳಿರಲಿಲ್ಲ. ಮಾಡಬೇಕಾದ ಕೆಲಸ ಹಾಗೇ ಬಿದ್ದಿತ್ತು, ಡೆನಿಸ್ ಅದನ್ನು ಕೇಳಲೂ ಇಲ್ಲ.

ನಾನು ಬಿಲ್ಲು ಬರೆಯುತ್ತ ಆ ಚಕ್ರ ನೋಡುವೆ, ಫೋನೆತ್ತಿಕೊಂಡು ಆ ಚಕ್ರ ನೋಡುವೆ. ಫೋಲ್ಡರ್ ಮುಚ್ಚಿದರೆ ಅದು ಎಲ್ಲಿಗೆ ಬಂತೋ ಎಂದು ಮತ್ತೆ ತೆರೆಯುವೆ. ಬುಧವಾರ 2017. ಶುಕ್ರವಾರ 2018 ಮುಗಿಯಿತು. ಮಧ್ಯಾಹ್ನ ಊಟದ ಹೊತ್ತಿಗೂ ಅದು ನಿಲ್ಲುತ್ತಿರಲಿಲ್ಲ. ನನಗೆ ಒಂದು ಕಡೆ ಕೂತು ಒಂದು ಕಾಗದ ಪೂರ್ತಿ ಓದಲಾಗಲಿಲ್ಲ. ಮೂರು ಸಲ ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಹೋಯಿತು.

ಸೋಮವಾರ ಬರುವಾಗ ಒಂದು ಡಬ್ಬ ಪರ್ಶಿಯನ್ ತಂದೆ. ಗುಲಾಬಿ ಸಕ್ಕರೆ ಮೆತ್ತಿದ ಆ ಬನ್ನು ಕಂಡರೆ ಅರ್ವೋ ಸತ್ತಿದ್ದರೂ ಎದ್ದು ಬರುವ ಪೈಕಿ. ಒಂದನ್ನು ತಟ್ಟೆಗೆ ಹಾಕಿ ಅವನ ಮೇಜಿಗೆ ಒಯ್ದೆ. ಅವನ ಕಣ್ಣುಗಳು ಕೆಂಪಗಿದ್ದವು.

"ಸಾಕು ಬಿಡೋ ಮಾರಾಯ. ತಿನ್ನು."

"ರೈಲಿ, ಒಂದು ಕೇಳ್ತೀನಿ, ನಗಬಾರ್ದು."

"ನಿನ್ನ ಮುಖ ನೋಡಿ ನಗದೆ ಇರೋದೇ ಕಷ್ಟ. ಕೇಳು."

"2016ರಲ್ಲಿ ನಾನು ಸರಿ ಇದ್ನಾ?"

ಅವನು ಎಂದಿನಂತೆ ತಮಾಷೆ ಮಾಡುತ್ತಿದ್ದಾನೆ ಎಂದು ನಂಬಲು ನೋಡಿದೆ. ಆಗಲಿಲ್ಲ.

"ಅಂದ್ರೆ, ಮಾತು ಕತೆ, ಕೆಲಸ… ಆವಾಗ್ಲೇ ಏನಾದ್ರೂ ಎಡವಟ್ಟು ಕಾಣ್ತಿತ್ತಾ? ನೀವು ಯಾರೂ ಹೇಳ್ಲಿಲ್ವಾ? ಪಕ್ಕದಲ್ಲಿರೋರಿಗೆ ಮೊದ್ಲು ಗೊತ್ತಾಗುತ್ತಂತೆ."

"ಆವಾಗ್ಲೂ ಹೀಗೇ ಇದ್ದೆ, ಹಠಮಾರಿ ಕತ್ತೆ," ಎಂದು ಹೇಳಿ ತಟ್ಟೆ ಮುಂದೆ ತಳ್ಳಿ ಎದ್ದು ಬಂದೆ. ಅಲ್ಲೇ ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಕತ್ತೆ ಎಂಬ ಮಾತು. ಸಂಜೆ ನೋಡಿದರೆ ಬನ್ನು ಹಾಗೇ ಇತ್ತು.

ಗುರುವಾರ, ಉತ್ತರ ಕಳಿಸುವ ಹಿಂದಿನ ದಿನ, ಡೆನಿಸ್ ಪತ್ರ ಬರೆದು ನನಗೆ ಓದಲು ಕೊಟ್ಟ. ‘ನಮ್ಮ ನಕ್ಷೆಗಾರರಿಂದಾದ ತಪ್ಪು; ಅದನ್ನು ನಂತರ ಅವರೇ ತಿದ್ದಿದ್ದರೂ ಕಚೇರಿಯ ಗಮನಕ್ಕೆ ತರಲಿಲ್ಲ’ ಎಂದಿತ್ತು. ಕಾಗುಣಿತ ನೋಡಿ ಎಂದ. ನೋಡಿದೆ, ಸರಿ ಇತ್ತು.

ಹನ್ನೊಂದು ಗಂಟೆಗೆ ಅರ್ವೋ ನನ್ನ ಮೇಜಿನ ಬಳಿ ಬಂದು ನಿಂತ. ಕೈಯಲ್ಲಿ ಒಂದು ನಕ್ಷೆ. ನನ್ನ ಗಂಡ ಬದುಕಿದ್ದಾಗ, 2019ರಲ್ಲಿ, ನಮ್ಮ ಕ್ಯಾಂಪಿಗೆಂದು ಅರ್ವೋ ಭಾನುವಾರ ಬಂದು ಬರೆದು ಕೊಟ್ಟದ್ದು.

"ನಿಮ್ಮದನ್ನೂ ನೋಡ್ದೆ. ಸರಿ ಇದೆ ಅನ್ಸುತ್ತೆ," ಎಂದ. "ಆದ್ರೂ ಬೇರೆ ಯಾರ ಕೈಲಾದ್ರೂ ಒಂದ್ಸಲ ಅಳೆಸ್ಬಿಡು ರೈಲಿ. ನನ್ನ ಮಾತು ನಂಬ್ಕೊಂಡು ಕೂರ್ಬೇಡ."

ನಕ್ಷೆಯನ್ನು ನನ್ನ ಮುಂದಿಟ್ಟು, ಅಂಚು ನೇರ ಮಾಡಿ, ಹೋದ. ನನಗೆ ನನ್ನ ಮೇಲೆ ಅಸಹ್ಯ ಹುಟ್ಟಿತು. ಕೋಟು ಹಾಕಿಕೊಳ್ಳುವುದನ್ನೂ ಮರೆತು ಕಾರಿಗೆ ಓಡಿದೆ.

ಶಾಂತಾಲ್ ಅಂಗಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಾಗ ಅವಳು ಮೊದಲು ಪೆಟ್ಟಿಗೆ ನೋಡಿದಳು, ಆಮೇಲೆ ನನ್ನನ್ನು.

"ಮೂರು ವಾರ ಕಾಯೋಕೆ ಆಗ್ಲಿಲ್ಲ, ಅಲ್ವಾ ಮೇಡಂ?"

"ಬೈಯೋದು ಆಮೇಲೆ ಬೈಯಿ. ಟಿನ್‌ಕಪ್ ಅಂತ ಒಂದು ಫೋಲ್ಡರ್ ಇದೆ, ತೆಗಿ."

ಪೆಟ್ಟಿಗೆ ಎರಡು ಸಲ ಗರಗರ ಎಂದು ನಿಂತಿತು. ಕೆಟ್ಟೇ ಹೋಗಿದ್ದರೆ ಎಂದು ಒಂದು ಕ್ಷಣ ಆಸೆಯಾಯಿತು; ಅದನ್ನೂ ಹೇಳಿಬಿಡುತ್ತೇನೆ. ಮೂರನೆಯ ಸಲಕ್ಕೆ ಚಾಲೂ ಆಯಿತು. ಶಾಂತಾಲ್ ತೆರೆಯನ್ನು ನನ್ನ ಕಡೆ ತಿರುಗಿಸಿದಳು.

‘ಫೈನಲ್’: 2016 ಜೂನ್ 9. ‘ಅರ್ವೋ ತಿದ್ದಿದ್ದು’: ಜೂನ್ 14, ಬೆಳಿಗ್ಗೆ 11.10. ಕಳಿಸಿದ ಕಾಗದಗಳ ಫೋಲ್ಡರಿನಲ್ಲಿ ಬಾಯ್ಚುಕ್ ಅವರಿಗೆ ಹೋದ ಪ್ರತಿ: ಜೂನ್ 17, ಶುಕ್ರವಾರ, ಮಧ್ಯಾಹ್ನ 3.40, ಮಾಡಿದವರು ರೈಲಿ ಕಂಗಾಸ್, ಅಂಕಿ 16.43. ಅರ್ವೋ ತನ್ನ ತಪ್ಪನ್ನು ಐದೇ ದಿನದಲ್ಲಿ ತಾನೇ ಹಿಡಿದು ತಿದ್ದಿದ್ದ. ಅದಾಗಿ ಮೂರು ದಿನಕ್ಕೆ ನಾನು ಹಳೆಯದನ್ನು ಕಳಿಸಿದ್ದೆ.

ಶಾಂತಾಲ್ ಆ ಪುಟವನ್ನು ಪ್ರಿಂಟ್ ಮಾಡಿ ಕೊಟ್ಟಳು.

ಮೊದಲು ಡೆನಿಸ್ ಬಳಿ ಹೋದೆ. ನಿಂತುಕೊಂಡೇ ಎಲ್ಲ ಒದರಿದೆ: ಡಿಕ್ಕಿಯಲ್ಲಿದ್ದ ಪೆಟ್ಟಿಗೆ, ಸುಳ್ಳು, ಜೂನ್ ಹದಿನೇಳು. ಕೆಲಸದಿಂದ ತೆಗೆಯುವುದಾದರೆ ಈಗಲೇ ತೆಗೆ ಎಂದೆ. ಅವನು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡ.

"ಸುಳ್ಳು ಹೇಳಿದ್ದು ಸರಿ ಇಲ್ಲ ರೈಲಿ. ನಿಮ್ಮಿಂದ ನಾನಿದನ್ನ ಅಂದ್ಕೊಂಡಿರ್ಲಿಲ್ಲ. ಆದ್ರೆ ಯಾರು ಕಳಿಸಿದ್ರೂ ಸಹಿ ನಂದೇ. ಇದಕ್ಕೇಂತ ವಿಮೆ ಇದೆ, ಅವ್ರು ನೋಡ್ಕೋತಾರೆ. ಪತ್ರ ಬದಲಾಯಿಸಿ ಬರ್ದುಕೊಡಿ."

ಅಷ್ಟೇ. ಹತ್ತು ದಿನ ನನ್ನನ್ನು ತಿಂದು ಹಾಕಿದ ಭಯ ಎರಡು ನಿಮಿಷದಲ್ಲಿ ಮುಗಿದು ಹೋಗಿತ್ತು. ಇಷ್ಟಕ್ಕಾಗಿಯೇ ಎಂದು ನಗು ಬರುವ ಹಾಗಾಯಿತು. ಅದೇ ಹಗುರದಲ್ಲಿ ಅರ್ವೋ ಬಳಿಗೆ ಹೋಗಿ ಪ್ರಿಂಟ್ ಕೈಗಿತ್ತೆ.

ಅವನು ತಾರೀಖಿನ ಸಾಲಿನ ಮೇಲೆ ಬೆರಳಿಟ್ಟ.

"ಹದಿನಾಲ್ಕನೇ ತಾರೀಖು. ನಾನೇ ತಿದ್ದಿದೀನಿ."

"ನೀನೇ. ಫೋನ್ ಮಾಡಿ ಹೇಳೂ ಇದ್ದೆ. ನಾನು ಕ್ಯಾಂಪಿಗೆ ಓಡೋ ಆತುರದಲ್ಲಿ ಹಳೇದನ್ನ ಕಳಿಸ್ಬಿಟ್ಟೆ. ನಿನ್ನದೇನೂ ತಪ್ಪಿಲ್ಲ ಅರ್ವೋ."

ಅವನು ಕುರ್ಚಿಗೆ ಒರಗಿದ. ಮೇಜಿನ ಮೇಲೆ ಅಳತೆ ಪುಸ್ತಕಗಳು ಮೂರು ಸಾಲು.

"ಮುನ್ನೂರ ಹನ್ನೊಂದು ನಕ್ಷೆ ನೋಡ್ದೆ. ಒಂದ್ರಲ್ಲೂ ತಪ್ಪು ಸಿಗ್ಲಿಲ್ಲ."

"ಇರ್ಲಿಲ್ಲ, ಅದಕ್ಕೆ ಸಿಗ್ಲಿಲ್ಲ."

"ಸಿಗ್ಲಿಲ್ಲ ಅಂತಾನೇ ಹೆದ್ರಿಕೆ ಕಣೆ. ಕಣ್ಮುಂದೆ ತಪ್ಪಿದ್ರೂ ಗೊತ್ತಾಗದಷ್ಟು ಹೋಗ್ಬಿಟ್ಟಿದ್ಯೇನೋ ತಲೆ ಅಂತ."

ನನಗೆ ಅಳು ತಡೆಯಲಾಗಲಿಲ್ಲ. ಅವನು ಡ್ರಾಯರಿನಿಂದ ಕಾಗದದ ಕರವಸ್ತ್ರ ತೆಗೆದು ಕೊಟ್ಟ. ನಾನು ಮೂಗು ಒರೆಸಿಕೊಂಡೆ.

"ಯಾವತ್ತು ಗೊತ್ತಾಯ್ತು ನಿಂಗೆ?"

"ಇವತ್ತೇ. ಈಗ ಶಾಂತಾಲ್ ಅಂಗಡೀಲಿ."

"ಅನುಮಾನ ಯಾವತ್ತು ಬಂತು?"

"ಪತ್ರ ಬಂದ ದಿನ."

"ಪೆಟ್ಟಿಗೆ ಎಲ್ಲಿತ್ತು?"

"ನನ್ನ ಕಾರಲ್ಲಿ."

ಅವನು ತಲೆಯಾಡಿಸಿದ. ಬೈಯುತ್ತಾನೆ ಎಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ. ಅವನು ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಭಾನುವಾರ ಕಾರಿನ ಕೀ ಸಿರ್ಕಾ ಕೈಗೆ ಕೊಟ್ಬಿಟ್ಟೆ," ಎಂದ. "ಇನ್ಮೇಲೆ ನಾನು ಓಡ್ಸೋದು ಬೇಡ, ಯಾರನ್ನಾದ್ರೂ ಗುದ್ದಿಬಿಡ್ತೀನಿ ಅಂತ. ಅವಳು ಅತ್ತು ಅತ್ತು ಮಗಳಿಗೆ ಫೋನ್ ಮಾಡಿದ್ಲು. ಮುಂದಿನ ತಿಂಗಳು ಮನೆ ಮಾರೋ ಮಾತಾಡ್ತಿದಾರೆ."

ಹತ್ತು ದಿನ ಅವನ ಹಸಿರು ಚಕ್ರ ಎಲ್ಲೆಲ್ಲಿ ಹೋಯಿತೆಂದು ಒಂದು ನಿಮಿಷವೂ ಬಿಡದೆ ನೋಡಿದ್ದೆ. ಆ ವಾರವೆಲ್ಲ ಅವನು ಕಚೇರಿಗೆ ಹೇಗೆ ಬರುತ್ತಿದ್ದಾನೆ ಎಂಬುದನ್ನು ನೋಡಿರಲಿಲ್ಲ.

"ನಡಿ," ಎಂದೆ. "ಮನೆಗೆ ಬಿಡ್ತೀನಿ. ಸಿರ್ಕಾಗೆ ನಾನೇ ಹೇಳ್ತೀನಿ. ಎಲ್ಲ ಹೇಳ್ತೀನಿ."

"ಬೇಡ. ಬಸ್ಸಲ್ಲಿ ಹೋಗ್ತೀನಿ."

ಕೋಟು ಹಾಕಿಕೊಂಡು, ಟೋಪಿ ಎಳೆದುಕೊಂಡು ಹೊರಟ. ನಾನು ಕಿಟಕಿಯಲ್ಲಿ ನಿಂತೆ. ಅವನು ಕೊಳಕು ಹಿಮದ ರಾಶಿ ದಾಟಿ ರಸ್ತೆಯ ಆ ಬದಿಯ ಬಸ್ ಸ್ಟಾಪಿನ ಕಂಬದ ಕೆಳಗೆ, ಊರಂಚಿನ ದೊಡ್ಡ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಬೆನ್ನು ಮಾಡಿ ನಿಂತ. ಬಸ್ಸು ಬರಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು.